ಮಹಾರಾಜರ ನೆತ್ತಿ ಮತ್ತು ಏಳು ಶಾಂಪೂ

ಗೋಕಾಕಕ್ಕೆ ಜಲಪಾತ ಹೇಗೋ, ಮೂಡಲಗಿಗೆ ದನದ ಸಂತೆ ಹೇಗೋ, ಕಾಲುವೆ ದಂಡೆಯ ಆ ಪುಟ್ಟ ಊರಿಗೆ ಲಗಮಣ್ಣನ ತಲೆಗೂದಲು ಹಾಗೆ. ಜಲಪಾತವಾದರೂ ಬೇಸಿಗೆಯಲ್ಲಿ ಸೊರಗುತ್ತದೆ, ಸಂತೆಯಾದರೂ ವಾರಕ್ಕೊಮ್ಮೆ ಮಾತ್ರ ಕೂಡುತ್ತದೆ. ಲಗಮಣ್ಣನ ಕೂದಲಿಗೆ ಋತುವಿಲ್ಲ, ವಾರವಿಲ್ಲ. ಐವತ್ತೊಂದು ವರ್ಷದ ತಲೆಯ ಮೇಲೆ ಇಪ್ಪತ್ತೊಂದು ವರ್ಷದ ಕಾಡು. ಅವನ ಓರಗೆಯವರೆಲ್ಲ ಟೋಪಿ, ರುಮಾಲು, ಟವೆಲ್ಲುಗಳ ಆಶ್ರಯಕ್ಕೆ ಹೋಗಿ ಯಾವುದೋ ಕಾಲವಾಯಿತು. ಒಮ್ಮೆ ಅವನ ಕೂದಲೊಳಗೆ ಹೊಕ್ಕ ಬಾಚಣಿಗೆ ಎರಡು ದಿನ ಪತ್ತೆಯಾಗಲಿಲ್ಲವೆಂದೂ, ಒಂದು ಗುಬ್ಬಿ ಬಂದು ಗೂಡಿಗೆ ಸ್ಥಳ ಪರಿಶೀಲನೆ ನಡೆಸಿ ಹೋಯಿತೆಂದೂ ಊರಲ್ಲಿ ಪ್ರತೀತಿ. (ಗುಬ್ಬಿಯದು ಸುಳ್ಳು. ಬಾಚಣಿಗೆಯದು ಖರೆ.)

ಈ ಕೇಶರಾಶಿಗೆ ಒಂದು ಸಿಂಹಾಸನವೂ ಇತ್ತು. ಊರಿನ ನಾಟಕದ ಗುರು ಸಿದ್ರಾಮ ಮಾಸ್ತರರು ತಾವೇ ಬರೆದು, ತಾವೇ ಹಾಡು ಕಟ್ಟಿ, ತಾವೇ ಹಾರ್ಮೋನಿಯಂ ಬಾರಿಸುವ 'ರಾಜಾ ವೀರಭುಜ' ನಾಟಕದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲಗಮಣ್ಣನೇ ವೀರಭುಜ. ಮೂರನೆಯ ಅಂಕದಲ್ಲಿ ಮಂತ್ರಿ ದ್ರೋಹ ಬಗೆಯುತ್ತಾನೆ. ಆಗ ಮಹಾರಾಜ ಕಿರೀಟ ಕಿತ್ತೆಸೆದು, ಸಿಂಹದಂತೆ ಮೂರು ಸಲ ತಲೆ ಕೊಡವಿ, ಶಪಥ ಮಾಡುತ್ತಾನೆ. ಇದಕ್ಕೆ ಊರವರು 'ರಾಜಾನ ಝಾಡಸೂದು' ಎನ್ನುತ್ತಾರೆ. ಶಪಥ ಏನೆಂದು ಯಾರಿಗೂ ನೆನಪಿಲ್ಲ. ಝಾಡಿಸುವುದನ್ನು ನೋಡಲು ಮಾತ್ರ ಹುಕ್ಕೇರಿಯಿಂದ ಟಂಟಂ ರಿಕ್ಷಾ ಮಾಡಿಕೊಂಡು ಬರುವವರಿದ್ದಾರೆ. ಬೇರೆ ಊರಿನ ರಾಜರೆಲ್ಲ ಟೋಪನ್ ಅನ್ನುವ ಬಾಡಿಗೆ ಕೂದಲು ತೊಟ್ಟು ರಾಜ್ಯವಾಳಿದರೆ, ವೀರಭುಜನದು ಸ್ವಂತ ಬೆಳೆ. 'ಟೋಪನ್ ಹಾಕ್ಕೊಂಡ ದಿನಾ ನಾ ರಾಜಾ ಅಲ್ಲ, ರಾಜಾನ ಹ್ಯಾಂಗರ್' ಎಂಬುದು ಅವನ ಪ್ರಸಿದ್ಧ ವಾಕ್ಯ.

ಈ ವರ್ಷ ಊರ ಸಾಲಿಗೆ, ಅಂದರೆ ಶಾಲೆಗೆ, ಐವತ್ತು ವರ್ಷ ತುಂಬಿತು. ಉತ್ಸವಕ್ಕೆ 'ರಾಜಾ ವೀರಭುಜ' ಆಡುವುದೆಂದು ಠರಾವಾಯಿತು. ಮುಖ್ಯ ಅತಿಥಿಯಾಗಿ ಹುಕ್ಕೇರಿಯ ನಿವೃತ್ತ ಹೆಡ್‌ಮಾಸ್ತರ ಶಿವಪುತ್ರ ಸರ್ ಬರುವವರಿದ್ದರು. ತಿಂಗಳು ಮೊದಲೇ ತಾಲೀಮು ಶುರು. ಸಿದ್ರಾಮ ಮಾಸ್ತರರು ಹೊಸದಾಗಿ ಹೊಲಿಸಿದ ಕರಿ ಮಖಮಲ್ಲಿನ ನಿಲುವಂಗಿಯನ್ನು ಮಹಾರಾಜರಿಗೆ ತೊಡಿಸಿ ನಿಲ್ಲಿಸಿದರು. ಮಹಾರಾಜರು ಕಿರೀಟ ಎಸೆದರು. ತಲೆ ಕೊಡವಿದರು.

ಹಿಮ ಬಿತ್ತು.

ಭುಜದ ಮೇಲೆ ಬಿತ್ತು, ಎದೆಯ ಮೇಲೆ ಬಿತ್ತು, ಕಾಲ ಬಳಿ ಮಂಡಿಯೂರಿ ಕ್ಷಮೆ ಬೇಡುತ್ತಿದ್ದ ಮಂತ್ರಿ ದುರ್ಗಪ್ಪನ ಬೋಳು ತಲೆಯ ಮೇಲೂ ಬಿತ್ತು. ದ್ರೋಹಿ ಮಂತ್ರಿ ಕ್ಷಮೆ ಬೇಡುವುದನ್ನು ಬಿಟ್ಟು ಏಳು ಸಲ ಸೀನಿದ.

ಸಿದ್ರಾಮ ಮಾಸ್ತರರು ಹಾರ್ಮೋನಿಯಂ ನಿಲ್ಲಿಸಿದರು. "ಲಗಮಣ್ಣಾ, ಇದೇನೋ ಮಾರಾಯಾ? ವೀರಭುಜ ನಮ್ಮ ಕಡೀ ರಾಜಾ. ಹಿಮಾಲಯದಾಂವ ಅಲ್ಲ."

"ಧೂಳ್ರಿ ಮಾಸ್ತರ. ಟ್ರ್ಯಾಕ್ಟರ್ ಮ್ಯಾಲ ಬಂದೇನಿ."

"ಬಿಳೀ ಧೂಳೇನ? ಕರೀ ಮಣ್ಣಿನ ಊರಾಗ?"

ಸೇನಾಪತಿ ಪಾತ್ರದ ಲಖನ ಇಪ್ಪತ್ತೆಂಟರ ಹುರಿಯಾಳು. ಮೂರು ವರ್ಷದಿಂದ ಅವನ ಕಣ್ಣು ಶತ್ರುವಿಗಿಂತ ಹೆಚ್ಚಾಗಿ ಸಿಂಹಾಸನದ ಮೇಲೇ ಇತ್ತು. ಅವನು ಬಹಳ ವಿನಯದಿಂದ ಹೇಳಿದ: "ಮಾಮಾ, ಸಿಟ್ಟಾಗಬ್ಯಾಡ್ರಿ. ಟೋಪನ್ ಹಾಕ್ಕೊಂಡಬಿಡ್ರಿ. ಇಲ್ಲಾಂದ್ರ ಈ ವರ್ಷ ರಾಜಾನ ಪಾರ್ಟ ನಾ ಮಾಡ್ತೇನಿ, ನೀವು ಆರಾಮ ರಾಜಾನ ಅಪ್ಪ ಆಗ್ರಿ."

"ರಾಜಾನ ಅಪ್ಪ ಮೊದಲನೇ ಅಂಕಕ್ಕ ಸಾಯ್ತಾನಲ್ಲೋ!"

"ಅದಕ್ಕ ಆರಾಮ ಅಂದೆ."

ಮಾಸ್ತರರು ತೀರ್ಪು ಕೊಟ್ಟರು. ನಾಟಕಕ್ಕೆ ಒಂದು ವಾರ ಇರುವಾಗ ಮತ್ತೆ ಕರಿ ಮಖಮಲ್ಲು ತೊಡಿಸಿ ಪರೀಕ್ಷೆ. ಒಂದೇ ಒಂದು ಬಿಳಿ ಚೂರು ಬಿದ್ದರೂ ಟೋಪನ್, ಇಲ್ಲವೇ ಲಖನ.

ಲಗಮಣ್ಣ ಮನೆಗೆ ಬಂದು ಹೆಂಡತಿ ಕರೆವ್ವನ ಮುಂದೆ ಈ ಅನ್ಯಾಯವನ್ನು ಸಾದ್ಯಂತ ವರ್ಣಿಸಿದ. ಕರೆವ್ವ ಯಮಕನಮರಡಿಯ ಮಗಳು. ಹೈವೇ ಮೇಲಿನ ಊರಲ್ಲಿ ಬೆಳೆದವಳಾದ್ದರಿಂದ ಮಾತಿಗೆ ಬ್ರೇಕು ಇರಲಿಲ್ಲ, ಸುತ್ತುಬಳಸೂ ಇರಲಿಲ್ಲ. ರೊಟ್ಟಿ ಬಡಿಯುತ್ತಲೇ ಹೇಳಿದಳು: "ಬೋರ್ ಹೊಡಸಿ ಎಷ್ಟ ದಿನಾ ಆತ್ರಿ?"

"ಎರಡ ತಿಂಗಳ. ಯಾಕ?"

"ತಲ್ಯಾಗ ಹೊಟ್ಟ ಶುರುವಾಗಿ?"

"ಎರಡ ತಿಂಗಳ."

"ಹಂಗಾದ್ರ ರೊಟ್ಟಿ ತಿನ್ರಿ."

ಇಲ್ಲಿ ಬೋರಿನ ಇತಿಹಾಸ ಹೇಳದೆ ಮುಂದೆ ಹೋಗುವಂತಿಲ್ಲ. ಕಾಲುವೆ ಮನೆಯಿಂದ ಕೂಗಳತೆಯ ದೂರ. ಆದರೂ ಲಗಮಣ್ಣನಿಗೆ ಹಿತ್ತಲಲ್ಲಿ ಸ್ವಂತ ಗಂಗೆ ಬೇಕೆನಿಸಿತು. ಕರೆವ್ವ ಬೇಡವೆಂದಳು, ಈ ಓಣಿಯ ನೆಲದಡಿ ಇರುವುದೆಲ್ಲ ಸವಳು ನೀರೆಂದು ಅವಳತ್ತೆಯೂ ಹೇಳಿ ಸತ್ತಿದ್ದಳು. ಲಗಮಣ್ಣ ಕೇಳಲಿಲ್ಲ. ನೀರು ನೋಡುವವನೊಬ್ಬನನ್ನು ಕರೆಸಿದ. ಅವನು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹಿತ್ತಲೆಲ್ಲ ಅಡ್ಡಾಡಿದ. ಕರೆವ್ವನ ತುಳಸಿಕಟ್ಟೆಯ ಪಕ್ಕ ಬರುತ್ತಲೇ ಕಾಯಿ ಚಂಗನೆ ಎದ್ದು ನೆಟ್ಟಗೆ ನಿಂತಿತು. ಓಣಿಯೇ ಚಪ್ಪಾಳೆ ಹೊಡೆಯಿತು. ನೀರು ಬಂತು. ಆ ನೀರಲ್ಲಿ ಬೇಳೆ ಬೇಯಲಿಲ್ಲ, ಸಬೂನು ನೊರೆ ಬಿಡಲಿಲ್ಲ, ಕೊಡದ ಕಂಠಕ್ಕೆ ಸುಣ್ಣದ ಪಟ್ಟಿ ಕಟ್ಟಿತು. ಅಂದಿನಿಂದ ಕರೆವ್ವ ಕುಡಿಯಲು, ಅಡಿಗೆಗೆ, ಅರಿವೆ ಒಗೆಯಲು, ತನ್ನ ಜಳಕಕ್ಕೆ ಕಾಲುವೆಯ ನೀರನ್ನೇ ಹಿಡಿದಳು. ಲಗಮಣ್ಣ ಮಾತ್ರ ಮಾನದ ಪ್ರಶ್ನೆಯಾಗಿ ದಿನವೂ ಬೋರಿನ ನೀರಲ್ಲೇ ಮೀಯುತ್ತಿದ್ದ. 'ಸವಳು' ಎಂಬ ಶಬ್ದ ಆ ಮನೆಯಲ್ಲಿ ನಿಷಿದ್ಧ. ಅವನು ಅದನ್ನು 'ಖನಿಜಭರಿತ ಜಲ' ಎನ್ನುತ್ತಿದ್ದ.

"ಒಂದ ದಿನಾ ನಿಮ್ಮ ಬಾಯಿಲೇನ ಸವಳು ಅನ್ನಸ್ತೇನಿ," ಎಂದು ಕರೆವ್ವ ಓಣಿಯ ಹೆಂಗಸರ ಸಮಕ್ಷಮ ಪ್ರತಿಜ್ಞೆ ಮಾಡಿದ್ದಳು. ವೀರಭುಜನ ಶಪಥದ ಹಾಗಲ್ಲ. ಇದು ಎಲ್ಲರಿಗೂ ನೆನಪಿತ್ತು.

ಮರುದಿನ ಲಗಮಣ್ಣ ಘಟಪ್ರಭೆಗೆ ಹೋದ. ಸ್ಟೇಷನ್ನಿನ ಹತ್ತಿರ ಔಷಧಿ ಅಂಗಡಿ ಇಟ್ಟಿರುವ ಸುಮನ್ ಎಂಬ ಹುಡುಗಿ ಓದಿದವಳು, ಸಮಾಧಾನಿ, ಪಾಪ ಯಾರ ಮಾತನ್ನಾದರೂ ನಂಬುವವಳು.

"ಕಾಕಾ, ಮೊದಲ ಒಂದ ಮಾತ ತಿಳ್ಕೋರಿ. ಕೂದಲಾ ನೋಡಿ ಶಾಂಪೂ ಆರಸಬಾರದು. ಕೂದಲಾ ಅಂದ್ರ ಬೆಳಿ, ನೆತ್ತಿ ಅಂದ್ರ ಹೊಲ. ಮಣ್ಣ ನೋಡಲಾರದ ಗೊಬ್ಬರಾ ಹಾಕ್ತೀರೇನ?"

"ಹಾಕಂಗಿಲ್ಲ," ಎಂದ ಲಗಮಣ್ಣ. ಹುಡುಗಿಯ ಬಗ್ಗೆ ಗೌರವ ಹುಟ್ಟಿತು.

"ತಲಿ ತೊಳದ ಮ್ಯಾಲ ಎಷ್ಟ ದಿನಕ್ಕ ಜಿಡ್ಡ ಆಗತೈತಿ?"

"ತೊಳದ ದಿನಾನ ಜಿಡ್ಡ. ಮರದಿನ ಒಣಾ. ಮೂರನೇ ದಿನಾ ಎರಡೂ."

ಸುಮನ್ ಹುಬ್ಬು ಗಂಟಿಕ್ಕಿದಳು. ಇಂಥ ನೆತ್ತಿಯನ್ನು ಅವಳ ಪುಸ್ತಕದಲ್ಲಿ ಬರೆದಿರಲಿಲ್ಲ. "ಮನ್ಯಾಗ ನೀರ ಎಂಥಾದ್ರಿ ಕಾಕಾ? ಸಿಹಿ ಏನ, ಸವಳ?"

ಲಗಮಣ್ಣನ ಕಣ್ಣೆದುರು ನೆಟ್ಟಗೆ ನಿಂತ ತೆಂಗಿನಕಾಯಿ ಬಂತು. ಅದರ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ ಕರೆವ್ವ ಬಂದಳು. ಅವನು ಎದೆ ಸೆಟೆಸಿ ಹೇಳಿದ: "ಸಿಹಿ ಅಂದ್ರ ಸಿಹಿ! ಕಬ್ಬಿನ ಹಾಲಿನಂಥಾದ!"

"ಹಂಗಾದ್ರ ನೀರಿಂದ ಏನೂ ಇಲ್ಲ ಬಿಡ್ರಿ. ನೆತ್ತೀನ ಪರೀಕ್ಷಾ ಮಾಡೂನು. ಎಣ್ಣಿ ಹಚ್ಚಲಾರದ ತಲಿ ತೊಳದ, ಮರದಿನ ಒಂದ ತೆಳ್ಳನ ಕಾಗದ ನೆತ್ತಿಗಿ ಒತ್ತಿ ನೋಡ್ರಿ. ಜಿಡ್ಡ ಹತ್ತಿದ್ರ ಎಣ್ಣಿ ನೆತ್ತಿ, ಇಲ್ಲಾಂದ್ರ ಒಣಾ ನೆತ್ತಿ."

ಮನೆಯಲ್ಲಿ ತೆಳ್ಳನೆಯ ಕಾಗದ ಎಲ್ಲಿದೆ? ಹುಡುಕಾಡಿದಾಗ ಗೋಕಾಕ ಕರದಂಟಿನ ಡಬ್ಬಿಯೊಳಗೆ ಒಂದು ಸಿಕ್ಕಿತು. ಲಗಮಣ್ಣ ಅದನ್ನು ನೆತ್ತಿಗೆ ಒತ್ತಿ, ನೂರು ಎಣಿಸಿ, ಬೆಳಕಿಗೆ ಹಿಡಿದ. ಕಾಗದದ ಆಚೆ ಹಿತ್ತಲು, ಬೋರು, ಕಟ್ಟಿದ ಎಮ್ಮೆ ಎಲ್ಲ ಸ್ಪಷ್ಟವಾಗಿ ಕಂಡವು.

"ಕರೆವ್ವಾ! ನಂದು ಮಹಾ ಎಣ್ಣಿ ನೆತ್ತಿ!"

ಕರೆವ್ವ ಬಂದು ಕಾಗದವನ್ನು ತಿರುಗಿಸಿ ನೋಡಿದಳು. "ಇದರಾಗ ಗೋಡಂಬಿ ಚೂರೂ ಐತಿ. ಅದೂ ನಿಮ್ಮ ನೆತ್ತಿಯಿಂದಾನ ಉದರೈತೇನ್ರಿ?"

"ನೀ ವಿಜ್ಞಾನದಾಗ ಬಾಯಿ ಹಾಕಬ್ಯಾಡ."

"ತುಪ್ಪದಾಗ ಹಾಕಿದವರು ನೀವು."

ಹೀಗೆ ಕರದಂಟಿನ ತುಪ್ಪದ ಸಾಕ್ಷ್ಯದ ಮೇಲೆ ಮೊದಲನೆಯ ಶಾಂಪೂ ಬಂತು: ಎಣ್ಣೆ ನೆತ್ತಿಯದು, ಹಸಿರು ಬಾಟಲಿ. ಅದನ್ನು ಹಾಕಿ ತೊಳೆದ ಕೂದಲು ಕಬ್ಬು ಕಡಿದ ಹೊಲದ ಒಣ ಗರಿ ರವದಿಯಂತೆ ಸರಸರ ಸದ್ದು ಮಾಡತೊಡಗಿತು. ಹೊಟ್ಟು ಹಾಗೇ ಇತ್ತು. ಮತ್ತೆ ಘಟಪ್ರಭೆ. ಸುಮನ್ ಒಣ ನೆತ್ತಿಯದು ಕೊಟ್ಟಳು. ಕೆನೆಯಂಥ ದಪ್ಪ ಶಾಂಪೂ. ಅದು ತಲೆಗೆ ಹತ್ತಿತೇ ಹೊರತು ಇಳಿಯಲಿಲ್ಲ. ಆ ದಿನ ಲಗಮಣ್ಣನ ಕೂದಲಿಗೆ ಎರಡು ನೊಣ, ಒಂದು ಹುಲ್ಲುಕಡ್ಡಿ, ಸಾಲಿ ಉತ್ಸವದ ಒಂದು ಕರಪತ್ರ ಅಂಟಿಕೊಂಡಿದ್ದವು. ಮೂರನೆಯದು ಹೊಟ್ಟಿನ ಶಾಂಪೂ. ನಾಲ್ಕನೆಯದು ಕೂಸುಗಳದ್ದು. (ಕಣ್ಣು ಉರಿಯಲಿಲ್ಲ. ಅದೊಂದೇ ಸುಖ.) ಐದನೆಯದರಲ್ಲಿ ಬೇವು, ಆರನೆಯದರಲ್ಲಿ ಈರುಳ್ಳಿ. ಈರುಳ್ಳಿ ಹಾಕಿದ ದಿನ ಕರೆವ್ವ, "ಇನ್ನ ಸ್ವಲ್ಪ ಖಾರಾ ಉಪ್ಪ ಹಾಕಿದ್ರ ರೊಟ್ಟಿಗಾದ್ರೂ ಆಗ್ತಿತ್ತು," ಎಂದಳು.

ಪ್ರತಿ ಸಲವೂ ಸುಮನ್ ಕೇಳುತ್ತಿದ್ದಳು, "ಕಾಕಾ, ನೀರ ಖರೇನ ಸಿಹಿ ಐತಲ್ಲ?" ಪ್ರತಿ ಸಲವೂ ನೀರು ಇನ್ನಷ್ಟು ಸಿಹಿಯಾಗುತ್ತ ಹೋಯಿತು. ಆರನೆಯ ಸಲಕ್ಕೆ ಅದು ಜೇನುತುಪ್ಪದ ಹಂತ ಮುಟ್ಟಿತ್ತು.

ಏತನ್ಮಧ್ಯೆ ಲಗಮಣ್ಣ ತನ್ನ ನೆತ್ತಿಯನ್ನು ಬಿಟ್ಟು ಮಿಕ್ಕೆಲ್ಲರ ನೆತ್ತಿಗಳಲ್ಲಿ ಪಂಡಿತನಾಗಿಬಿಟ್ಟಿದ್ದ. ಚಹಾದಂಗಡಿಯಲ್ಲಿ ಕೂತು ಬಂದವರ ತಲೆಗೆ ಕಾಗದ ಒತ್ತಿ ಫಲ ಹೇಳುತ್ತಿದ್ದ. "ನಿಂದು ಮಿಶ್ರ ನೆತ್ತಿ, ಬುಡಕ್ಕ ಎಣ್ಣಿ ತುದಿಗಿ ಒಣಾ. ಶಾಂಪೂ ಬುಡಕ್ಕ ಅಷ್ಟ ತಿಕ್ಕು." "ನೀ ದಿನಾ ತೊಳೀಬ್ಯಾಡ." ಒಂದು ದಿನ ಮಂತ್ರಿ ದುರ್ಗಪ್ಪ ಟೋಪಿ ತೆಗೆದು ಆಸೆಯಿಂದ ತಲೆ ಬಗ್ಗಿಸಿದ. "ನಂದ ಯಾವ ನೆತ್ತಿ ಲಗಮಣ್ಣಾ?"

ಲಗಮಣ್ಣ ಬಹಳ ಹೊತ್ತು ಪರಿಶೀಲಿಸಿ ಹೇಳಿದ: "ನಿಂದು ಬಯಲ ನೆತ್ತಿ."

ಪಂಡಿತನ ಭುಜದ ಮೇಲೆ ಮಾತ್ರ ಹಿಮ ಬೀಳುತ್ತಲೇ ಇತ್ತು. ಪರೀಕ್ಷೆಗೆ ಐದು ದಿನ ಉಳಿಯಿತು. ಏಳನೆಯದು ಅಂಗಡಿಯಲ್ಲೇ ದುಬಾರಿಯಾದದ್ದು, ಬಂಗಾರದ ಬಣ್ಣದ ಬಾಟಲಿ. ಅದೂ ಸೋತಿತು. ಅತ್ತ ಲಖನ ಕಾಲುವೆ ದಂಡೆಯ ಮೇಲೆ ರಾಜಗಾಂಭೀರ್ಯದ ನಡಿಗೆ ಅಭ್ಯಾಸ ಮಾಡುತ್ತಿದ್ದಾನೆಂಬ ಸುದ್ದಿ ಬಂತು. ಲಗಮಣ್ಣ ಹಾಸಿಗೆ ಮೇಲೆ ಮುಖ ಕೆಳಗೆ ಮಾಡಿ ಬಿದ್ದುಕೊಂಡ.

"ಶಾಂಪೂ ಬದಲ ಮಾಡಿದ್ರಿ, ಎಣ್ಣಿ ಬದಲ ಮಾಡಿದ್ರಿ, ಬಾಚಣಿಗಿ ಬದಲ ಮಾಡಿದ್ರಿ," ಎಂದಳು ಕರೆವ್ವ. "ನಾಳಿಗಿ ಹೇಣ್ತೀನೂ ಬದಲ ಮಾಡ್ರಿ. ನೀರ ಒಂದ ಬದಲ ಮಾಡಬ್ಯಾಡ್ರಿ. ಏಳ್ರಿ ಈಗ. ಕಸ್ತೂರೀನ ತೊಳಕೊಂಡ ಬರ್ರಿ."

ಕಸ್ತೂರಿ ಎಂದರೆ ಹಿತ್ತಲಲ್ಲಿ ಕಟ್ಟಿದ ಎಮ್ಮೆ. ಹಾಲು ಕಡಿಮೆ, ಒದೆ ಜಾಸ್ತಿ. ಆ ವಾರ ಅದನ್ನು ಮೂಡಲಗಿ ಸಂತೆಗೆ ಹೊಡೆಯುವುದೆಂದು ಕರೆವ್ವ ನಿರ್ಧರಿಸಿದ್ದಳು. ಸಂತೆಗೆ ಹೋಗುವ ಎಮ್ಮೆಯನ್ನು ಶಾಂಪೂ ಹಾಕಿ ತಿಕ್ಕಿ ಮಿಂಚಿಸಿ ಒಯ್ಯುವುದು ಆ ಕಡೆಯ ಪದ್ಧತಿ. ಮದುವಣಗಿತ್ತಿಗೂ ಅಷ್ಟು ಉಪಚಾರ ಇರುವುದಿಲ್ಲ. "ಏಳ ಬಾಟ್ಲಿ ಜಳಕದ ಮನ್ಯಾಗ ಸುಮ್ಮ ಕುಂತಾವು," ಎಂದಳು ಅವಳು. "ಎಮ್ಮಿಗಾದ್ರೂ ಉಪಯೋಗ ಆಗ್ಲಿ."

ಏಳೂ ಬಾಟಲಿಗಳನ್ನು ಬಕೆಟ್ಟಿನಲ್ಲಿಟ್ಟುಕೊಂಡು, ಎಮ್ಮೆಯ ಹಗ್ಗ ಹಿಡಿದು, ಪದಚ್ಯುತ ಅರಸನಂತೆ ಲಗಮಣ್ಣ ಕಾಲುವೆಗೆ ನಡೆದ. ಕಸ್ತೂರಿಯನ್ನು ನೀರಿಗಿಳಿಸಿದ. ಸಿಟ್ಟಿಗೆ ಬೆನ್ನಿಗೆ ಹಸಿರು, ಹೊಟ್ಟೆಗೆ ಕೆನೆ, ಕುತ್ತಿಗೆಗೆ ಬಂಗಾರದ ಬಣ್ಣದ್ದು ಸುರಿದು ತಿಕ್ಕಿದ.

ನೊರೆ ಎಂದರೆ ನೊರೆ! ಕಸ್ತೂರಿಯ ಕೊಂಬುಗಳೆರಡು ಬಿಟ್ಟು ಮಿಕ್ಕಿದ್ದೆಲ್ಲ ಮೋಡವಾಯಿತು. ಎರಡು ಬಕೆಟ್ ನೀರು ಹೊಡೆದಾಗ ಮೋಡದೊಳಗಿಂದ ಹೊರಬಂದದ್ದು ಎಮ್ಮೆಯಲ್ಲ, ಕರಿ ಮಖಮಲ್ಲು. ಅದು ಲಗಮಣ್ಣನ ಮುಖವನ್ನೊಮ್ಮೆ ನೋಡಿ, ಕತ್ತು ಎತ್ತಿ, ಸಿಂಹದಂತೆ ಮೂರು ಸಲ ತಲೆ ಕೊಡವಿತು. ಸಾಕ್ಷಾತ್ ವೀರಭುಜ. ಒಂದು ಚೂರೂ ಬೀಳಲಿಲ್ಲ.

ಲಗಮಣ್ಣ ಒದ್ದೆ ಕೈಯಲ್ಲೇ ಸುಮನ್‌ಗೆ ಫೋನು ಹಚ್ಚಿದ. "ಯವ್ವಾ, ಅದ ಶಾಂಪೂ, ಅದ ಕೈ. ಎಮ್ಮಿಗಿ ಹೊಂದಿದ್ದು ನನಗ ಯಾಕ ಹೊಂದವಲ್ದು?"

 ರೈಲಿನ ಸದ್ದಿನ ನಡುವೆ ಸುಮನ್ ಕೇಳಿದಳು: "ಕಾಕಾ, ಎಮ್ಮೀನ ಎಲ್ಲೆ ತೊಳದ್ರಿ?"

"ಕಾಲುವ್ಯಾಗ."

"ನಿಮ್ಮ ತಲಿ?"

ಲಗಮಣ್ಣ ಎಮ್ಮೆಯ ಕೊಂಬು ಸವರಿದ. ಉತ್ತರ ಕಸ್ತೂರಿಯೇ ಕೊಟ್ಟಿತು, ದೀರ್ಘವಾಗಿ ಒದರಿ.

"ಕಾಕಾ, ಖರೇ ಹೇಳ್ರಿ. ಸವಳ ನೀರ ಐತೇನ?"

"ಖನಿಜ... ಸ್ವಲ್ಪ..."

"ಅಯ್ಯ ನನ್ನ ದೇವರ! ಅದು ಹೊಟ್ಟ ಅಲ್ರಿ. ಸವಳ ನೀರಾಗ ಸಬೂನ, ಶಾಂಪೂ ತೊಳದ ಹೋಗಂಗಿಲ್ಲ. ನೀರಿನ ಸುಣ್ಣದ ಜೋಡಿ ಕೂಡಿ ನೆತ್ತಿ ಮ್ಯಾಲ ಕುಂದರತೈತಿ, ಒಣಗಿ ಪುಡಿಪುಡಿ ಉದರತೈತಿ. ಏಳ ಶಾಂಪೂ ಅಲ್ಲ, ಎಪ್ಪತ್ತ ತಂದ್ರೂ ಅಷ್ಟ. ಸಿಹಿ ನೀರಿಲೆ ತೊಳೀರಿ, ನಾಕ ದಿನದಾಗ ಹಗರ ಆಗತೈತಿ. ಆಗದಿದ್ರ ಡಾಕ್ಟರಗ ತೋರಸೂನು."

ಲಗಮಣ್ಣ ಫೋನಿಟ್ಟು ಆಚೆ ಈಚೆ ನೋಡಿದ. ದಂಡೆಯ ಮೇಲೆ ಯಾರೂ ಇಲ್ಲ. ಕಸ್ತೂರಿಯ ಮರೆಯಲ್ಲಿ ನೀರಿಗೆ ಕೂತು, ಉಳಿದ ಶಾಂಪೂವನ್ನು ತಲೆಗೆ ಸುರಿದುಕೊಂಡು, ಗಸಗಸ ತಿಕ್ಕಿ, ಮೂರು ಸಲ ಮುಳುಗೆದ್ದ. ಸುಮಾರು ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅವನ ನೆತ್ತಿ ಕೆರೆಯುವುದನ್ನು ಮರೆಯಿತು. ಕಣ್ಣು ಬಿಟ್ಟರೆ ಮೆಟ್ಟಿಲ ಮೇಲೆ ಕರೆವ್ವ, ಕಂಕುಳಲ್ಲಿ ಅರಿವೆಯ ಗಂಟು.

"ನೀರ ಹೆಂಗೈತ್ರಿ?"

"ತಣ್ಣಗೈತಿ."

ಅಷ್ಟೇ ಮಾತು. ಆದರೆ ಆ ನಗು! ಅದಕ್ಕಿಂತ ಅವಳು ನಾಲ್ಕು ಬೈದಿದ್ದರೆ ವಾಸಿಯಾಗಿತ್ತು.

ಮುಂದಿನ ನಾಲ್ಕು ದಿನ ಊರು ಒಂದು ಸೋಜಿಗ ಕಂಡಿತು. ಬೆಳಗಾದರೆ ಲಗಮಣ್ಣ ಎಮ್ಮೆ ಹೊಡೆದುಕೊಂಡು ಕಾಲುವೆಗೆ ಹೊರಡುತ್ತಿದ್ದ. ದಿನಾ ಶಾಂಪೂ ಜಳಕ ಮಾಡುವ ಎಮ್ಮೆಯನ್ನು ಮೂರು ತಾಲೂಕಿನಲ್ಲಿ ಯಾರೂ ಕಂಡಿರಲಿಲ್ಲ. ಕೇಳಿದವರಿಗೆ ಅವನು, "ಪ್ರಾಣೀನೂ ಮನಶ್ಯಾರಂಗ, ಶುಚಿ ಬೇಕ," ಎನ್ನುತ್ತಿದ್ದ. ಹೋಗುವಾಗ ತಲೆಗೆ ಟವೆಲ್ಲು, ಬರುವಾಗಲೂ ಟವೆಲ್ಲು. ಮೂರನೆಯ ದಿನಕ್ಕೆ ಕಸ್ತೂರಿಗೇ ನಾಚಿಕೆಯಾಗಿ ಕಾಲುವೆಯ ದಾರಿ ಬಿಟ್ಟು ಬೇರೆ ಕಡೆ ಓಡಿತು. ಆದರೆ ಹೊಳಪು ಎಂಥದೆಂದರೆ ಕರೆವ್ವ ಸಂತೆಯ ಯೋಚನೆಯನ್ನೇ ಬಿಟ್ಟಳು. "ಕನ್ನಡಿಯಂಥಾ ಎಮ್ಮಿ ಮಾರಾಕ ನನಗೇನ ಹುಚ್ಚ ಹಿಡದೈತೇನ?"

ಪರೀಕ್ಷೆಯ ದಿನ ಮಹಾರಾಜರು ಕರಿ ಮಖಮಲ್ಲು ತೊಟ್ಟು ಕೊಡವಿದರು. ಸಿದ್ರಾಮ ಮಾಸ್ತರರು ಚಾಳೀಸು ಕನ್ನಡಕ ಹಾಕಿಕೊಂಡು ಭುಜವನ್ನು ಅಂಗುಲ ಅಂಗುಲ ತಪಾಸಣೆ ಮಾಡಿದರು. ಏನೂ ಸಿಗಲಿಲ್ಲ. ಲಖನ ತಾನೇ ಹೋಗಿ ಎರಡು ಸಲ ನೋಡಿ ಬಂದ. ಮಂತ್ರಿ ದುರ್ಗಪ್ಪ ರೂಢಿಯಂತೆ ಸೀನಲು ಮೂಗು ಸಿದ್ಧಮಾಡಿಕೊಂಡಿದ್ದವನು ನಿರಾಶನಾದ.

ಉತ್ಸವದ ಮಧ್ಯಾಹ್ನ ಸಾಲಿಯ ಬಯಲು ತುಂಬಿತು. ಹುಡುಗರು ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕೆಂದು ನಾಟಕವನ್ನು ಮೂರು ಗಂಟೆಗೇ ಶುರು ಮಾಡಿದರು. ಮೂರನೆಯ ಅಂಕ. ಕಿರೀಟ ಹಾರಿತು. ಬಿಸಿಲಲ್ಲಿ ಆ ಕೂದಲು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಬಂದು ಅಲೆ ಅಲೆಯಾಗಿ ಇಳಿಯಿತು. ಹೆಂಗಸರು ಉಸಿರು ಬಿಗಿಹಿಡಿದರು. ಬೋಳುತಲೆಯ ಗಂಡಸರು ಟೋಪಿ ಸರಿಪಡಿಸಿಕೊಂಡರು. ಮಖಮಲ್ಲು ಕಪ್ಪಗೇ ಇತ್ತು. ಶಿಳ್ಳೆ, ಚಪ್ಪಾಳೆಯ ಗದ್ದಲದಲ್ಲಿ ಎಂದಿನಂತೆ ಶಪಥ ಯಾರಿಗೂ ಕೇಳಿಸಲಿಲ್ಲ.

ನಾಟಕ ಮುಗಿದ ಮೇಲೆ ಸತ್ಕಾರ. ಮುಖ್ಯ ಅತಿಥಿ ಶಿವಪುತ್ರ ಸರ್ ಸ್ವತಃ ನುಣ್ಣನೆಯ ನೆತ್ತಿಯವರು. ಭಾಷಣ ಮಾಡಲೆಂದು ಎದ್ದವರು ಮಹಾರಾಜರ ತಲೆಯಿಂದ ಕಣ್ಣು ಕೀಳಲಾರದೆ, ಮೈಕನ್ನೇ ಅವನ ಬಾಯಿಗೆ ಹಿಡಿದರು. "ಸಭಿಕರ ಪರವಾಗಿ ಒಂದು ಪ್ರಶ್ನೆ, ಮಹಾಪ್ರಭುಗಳೇ. ಈ ವಯಸ್ಸಿನಲ್ಲಿ ಈ ಕೇಶವೈಭವ! ಇದರ ರಹಸ್ಯವೇನು? ಯಾವ ಶಾಂಪೂ?"

 ಮುಂದಿನ ಸಾಲಿನಲ್ಲಿ ಘಟಪ್ರಭೆಯಿಂದ ಬಂದ ಸುಮನ್ ಬಾಯಿಗೆ ಸೆರಗು ಅಡ್ಡ ಹಿಡಿದಳು. ಚಹಾದಂಗಡಿಯ ಶಿಷ್ಯವೃಂದ ಕಿವಿ ನಿಮಿರಿಸಿತು. ಲಗಮಣ್ಣ ಇಪ್ಪತ್ತೆರಡು ವರ್ಷದ ಗತ್ತಿನಿಂದ ಕೈಯೆತ್ತಿದ. "ಕೇಳಿರಯ್ಯಾ ಪ್ರಜೆಗಳೇ! ನೆತ್ತಿಗಳಲ್ಲಿ ಮೂರು ವಿಧ! ಎಣ್ಣೆಯ ನೆತ್ತಿಯೆಂದೂ, ಒಣ ನೆತ್ತಿಯೆಂದೂ..."

ಅಷ್ಟರಲ್ಲಿ ಅವನ ದೃಷ್ಟಿ ವೇದಿಕೆಯ ಪಕ್ಕಕ್ಕೆ ಹೋಯಿತು. ಅತಿಥಿಯ ಸತ್ಕಾರಕ್ಕೆ ಫಲತಾಂಬೂಲದ ತಾಟು ಹಿಡಿದು ಕರೆವ್ವ ನಿಂತಿದ್ದಳು.  ತಾಟಿನಿಂದ ತೆಂಗಿನಕಾಯಿ ಎತ್ತಿ, ಅಂಗೈ ಮೇಲೆ ಮಲಗಿಸಿ, ಗಂಡನನ್ನೇ ನೋಡುತ್ತ, ಮೆಲ್ಲಗೆ ಅದನ್ನು ನೆಟ್ಟಗೆ ನಿಲ್ಲಿಸಿದಳು. ಹಿಂದೆ ನಿಂತ ಓಣಿಯ ಹೆಂಗಸರು ಕಿಸಕ್ಕೆಂದರು.

ಎತ್ತಿದ ರಾಜಹಸ್ತ ನಿಧಾನವಾಗಿ ಕೆಳಗಿಳಿಯಿತು. ಮಹಾರಾಜರು ಒಮ್ಮೆ ನೆತ್ತಿ ಮುಟ್ಟಿಕೊಂಡರು. ಆಮೇಲೆ ಮೈಕಿನಲ್ಲಿ ಹೇಳಿದರು:

"ಶಾಂಪೂ ಯಾವುದಾದ್ರೂ ನಡೀತೈತ್ರಿ ಸರ. ನಮ್ಮ ಬೋರಿನ ನೀರು ಸವಳು. ಎಮ್ಮಿ ಜೋಡಿ ಕಾಲುವ್ಯಾಗ ತೊಳಕೊಂಡೇನಿ."